ಹೆಸರು ಕೇಳಿ ಎದ್ದು ಹೋಗುವವರು

ದೂರದೂರದ ರೇಡಿಯೋ ಸ್ಟೇಷನ್‌ಗಳನ್ನು ಹುಡುಕಿ ಹಿಡಿಯುವ ಹವ್ಯಾಸಕ್ಕೆ ಡಿಎಕ್ಸಿಂಗ್ ಅಂತ ಹೆಸರು. ಡಿಎಕ್ಸ್ ಅನ್ನೋದು ಟೆಲಿಗ್ರಾಫ್ ಕಾಲದ ಚುಟುಕು ಪದ, ದೂರ ಅಂತ ಅರ್ಥ. ಈ ಹವ್ಯಾಸಿಗಳು ತಾವು ಹಿಡಿದ ಸ್ಟೇಷನ್‌ಗಳ ಲೆಕ್ಕ ಬರೆದಿಡುತ್ತಾರೆ. ಅದಕ್ಕೆ ಲಾಗ್ ಅನ್ನುತ್ತಾರೆ. ಕೆಲವು ವರ್ಷಗಳಿಂದ ನಾನು ಈ ಲಾಗ್‌ಗಳನ್ನು ಕಥೆ ಪುಸ್ತಕದ ಹಾಗೆ ಓದುತ್ತಾ ಬಂದಿದ್ದೇನೆ. ಓದೀ ಓದೀ ನನ್ನಲ್ಲೊಂದು ತಕರಾರು ಹುಟ್ಟಿಕೊಂಡಿದೆ. ಇಷ್ಟೊಂದು ಕಷ್ಟಪಟ್ಟು ಕೇಳುವವರು, ಕೇಳಿದ್ದು ಏನು ಅಂತ ಯಾಕೆ ಬರೆಯೋದಿಲ್ಲ?

ಕಷ್ಟ ಅಂದರೆ ಸಣ್ಣ ಕಷ್ಟವಲ್ಲ. ಫಿನ್ಲೆಂಡಿನ ಉತ್ತರದಲ್ಲಿ, ಇನಾರಿ ಸರೋವರದ ಹತ್ತಿರ, ಐಹ್ಕಿನಿಯೆಮಿ ಅಂತ ಒಂದು ಜಾಗವಿದೆ. ಅಲ್ಲಿ ಹವ್ಯಾಸಿಗಳು ಕಾಡಿನೊಳಗೆ ಕಿಲೋಮೀಟರ್‌ನಷ್ಟು ಉದ್ದದ ತಂತಿಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆದು, ಚಳಿಗಾಲದಲ್ಲಿ ಒಂದು ಗುಡಿಸಲಿನಂಥ ಮನೆಯಲ್ಲಿ ದಿನಗಟ್ಟಲೆ ಕೂರುತ್ತಾರೆ. ಅಲ್ಲೇ ಯಾಕೆ ಅಂದರೆ, ಮೀಡಿಯಂ ವೇವ್ ಅಲೆಗಳನ್ನು ಹಗಲಿನಲ್ಲಿ ನುಂಗಿಹಾಕುವುದು ನೆಲದಿಂದ 60ರಿಂದ 90 ಕಿಲೋಮೀಟರ್ ಮೇಲಿರುವ ಡಿ ಪದರ. ಬಿಸಿಲು ಹೋದರೆ ಆ ಪದರವೂ ಹೋಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು, ಕೇರಂ ಬೋರ್ಡಿನ ಅಂಚಿಗೆ ತಗುಲಿದ ಪಾನಿನ ಹಾಗೆ ಪುಟಿದು ಸಾವಿರಾರು ಕಿಲೋಮೀಟರ್ ದೂರಕ್ಕೆ ಬೀಳುತ್ತವೆ. ಚಳಿಗಾಲದ ಇನಾರಿಯಲ್ಲಿ ಸೂರ್ಯ ವಾರಗಟ್ಟಲೆ ಹುಟ್ಟುವುದೇ ಇಲ್ಲ. ಡಿಎಕ್ಸ್ ಮಾಡುವವರಿಗೆ ಇನ್ನೇನು ಬೇಕು?

ಅಲ್ಲಿ ಅವರು ಹುಡುಕುವುದರಲ್ಲಿ ಒಂದು ಬಗೆ ನನಗೆ ಬಹಳ ಇಷ್ಟ. ಅಮೆರಿಕದಲ್ಲಿ 1230, 1240, 1340, 1400, 1450, 1490 ಕಿಲೋಹರ್ಟ್ಸ್, ಈ ಆರು ಜಾಗಗಳಲ್ಲಿ ಸಣ್ಣ ಊರುಗಳ ನೂರಾರು ಸ್ಟೇಷನ್‌ಗಳು ಒಂದರ ಮೇಲೊಂದು ಕೂತಿವೆ. ಹವ್ಯಾಸಿಗಳು ಇವುಗಳಿಗೆ ಇಟ್ಟ ಹೆಸರು 'ಗ್ರೇವ್‌ಯಾರ್ಡ್', ಅಂದರೆ ಸ್ಮಶಾನ. ಒಂದೊಂದರ ಶಕ್ತಿ ಹೆಚ್ಚೆಂದರೆ 1000 ವ್ಯಾಟ್. ನಮ್ಮ ಬಚ್ಚಲು ಮನೆಯ ಗೀಸರ್ ಇದರ ಎರಡು ಪಟ್ಟು ಎಳೆಯುತ್ತದೆ! ನಮ್ಮ ಬೆಂಗಳೂರು ಆಕಾಶವಾಣಿಯದ್ದು 200 ಕಿಲೋವ್ಯಾಟ್. ಅಂಥಾ ಬಡಪಾಯಿ ಸ್ಟೇಷನ್ ಒಂದು ಉತ್ತರ ಧ್ರುವದ ಪಕ್ಕ ಹಾದು ಇನಾರಿಗೆ ಬಂದು ಮುಟ್ಟುತ್ತದೆ. ಆ ಊರಿನ ಹೈಸ್ಕೂಲು ಹುಡುಗರ ಫುಟ್‌ಬಾಲ್ ಮ್ಯಾಚು, ತೀರಿಕೊಂಡವರ ಸುದ್ದಿ, 'ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿದೆ' ಅಂತ ಜನ ಫೋನು ಮಾಡಿ ಹೇಳುವ ಕಾರ್ಯಕ್ರಮ, ಇಂಥವೇ ಆ ಸ್ಟೇಷನ್‌ಗಳ ಬದುಕು.

ಲಾಗ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಫ್ರೀಕ್ವೆನ್ಸಿ, ಸಮಯ, ಸ್ಟೇಷನ್ ಹೆಸರು, ಊರು, ಅಷ್ಟೇ. ಅಮೆರಿಕದ ಕಾನೂನಿನ ಪ್ರಕಾರ ಪ್ರತಿ ಸ್ಟೇಷನ್ನೂ ಗಂಟೆಗೊಮ್ಮೆ ತನ್ನ ಗುರುತಿನ ಅಕ್ಷರಗಳನ್ನೂ ಊರಿನ ಹೆಸರನ್ನೂ ಹೇಳಬೇಕು. ಗಂಟೆ ಹೊಡೆಯುವ ಹೊತ್ತಿನ ಆ ನಾಲ್ಕೈದು ಸೆಕೆಂಡುಗಳಿಗಾಗಿ ಇಷ್ಟೆಲ್ಲಾ ತಪಸ್ಸು. ಉಳಿದ ಐವತ್ತೊಂಬತ್ತು ನಿಮಿಷ ಅವರಿಗೆ ಅಡ್ಡಿ. ತಾಳಮದ್ದಳೆಗೆ ಹೋಗಿ ಭಾಗವತರು ಯಾರು ಅಂತ ತಿಳಿದುಕೊಂಡು ಎದ್ದು ಬಂದ ಹಾಗಾಯ್ತಲ್ಲ ಇದು.

ಅಂಕ ಕೊಡುವ ಪದ್ಧತಿಯನ್ನೇ ನೋಡಿ. ಸಿನ್ಪೋ ಅಂತ ಒಂದು ಕೋಡ್ ಇದೆ. ಸಿಗ್ನಲ್ ಎಷ್ಟು ಬಲ, ಬೇರೆ ಸ್ಟೇಷನ್ ಕಾಟ ಎಷ್ಟು, ಗದ್ದಲ ಎಷ್ಟು, ಏರಿಳಿತ ಎಷ್ಟು, ಒಟ್ಟಾರೆ ಹೇಗಿತ್ತು, ಇವಕ್ಕೆ ಒಂದರಿಂದ ಐದರವರೆಗೆ ಅಂಕ. 35433 ಅಂತ ಬರೆದರೆ ಮುಗಿಯಿತು. ಐದರಲ್ಲಿ ಒಂದು ಅಂಕಿಯೂ ಕಾರ್ಯಕ್ರಮಕ್ಕೆ ಸಂಬಂಧಪಟ್ಟಿದ್ದಲ್ಲ. ಪತ್ರ ತಂದ ಬಸ್ಸಿನ ಟಯರು, ಬ್ರೇಕು, ಸೀಟು ಎಲ್ಲಕ್ಕೂ ಮಾರ್ಕ್ಸ್ ಕೊಟ್ಟು ಪತ್ರ ಒಡೆಯದೇ ಇಟ್ಟಂತೆ.

'ಭಾಷೆಯೇ ಬರದಿದ್ದರೆ ಕೇಳೋದೇನನ್ನು?' ಅಂತ ನೀವು ಕೇಳಬಹುದು. ನಮ್ಮೂರು ಚನ್ನಗಿರಿ ಕಡೆ. ಅಜ್ಜನಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ರೇಡಿಯೋದ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಸಿಲೋನ್ ಹಿಡಿಯುತ್ತಿದ್ದರು. ಸಮುದ್ರದಾಚೆಯ ಸ್ಟೇಷನ್ ಹಿಡಿದೆ ಅಂತ ಒಂದು ದಿನವೂ ಹೇಳಿಕೊಂಡವರಲ್ಲ. 'ಇವತ್ತು ಒಳ್ಳೊಳ್ಳೆ ಹಾಡು ಹಾಕಿದ್ದ' ಅಂತಿದ್ದರು, ಅಷ್ಟೆ. ದೇಶದ ತುಂಬ ಸಿಲೋನ್ ಹುಚ್ಚು ಹಬ್ಬಿದ್ದೂ ಹಾಗೆಯೇ ಅಲ್ಲವೆ? 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆಯಾಯಿತು. ಅದೇ ವರ್ಷ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಸಿಲೋನ್‌ನಿಂದ ಶುರುವಾಯಿತು. ಜನ ಮುಳ್ಳು ತಿರುಗಿಸಿದ್ದು ಹಾಡಿಗೋಸ್ಕರ. ದೂರ ಅನ್ನೋದು ಮಧ್ಯೆ ಬಂದ ತೊಂದರೆ.

ಹವ್ಯಾಸಿಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಹೆಸರು ಬೇಕು ಅನ್ನೋದಕ್ಕೆ ಕಾರಣವಿದೆ, ಅದು ಸಾಕ್ಷಿ. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದವನು ಸ್ಕಾಟ್ಲೆಂಡಿನ ಆರ್ಡ್ರಾಸನ್ ಊರಿನ ಕಡಲ ದಂಡೆಯಲ್ಲಿ, ಗಾಳಿ ಮಳೆಯಲ್ಲಿ, ಡೇರೆ ಹಾಕಿ ಕೂತು ಅಟ್ಲಾಂಟಿಕ್ ಆಚೆಯ ಹವ್ಯಾಸಿಗಳ ಮೋರ್ಸ್ ಸಂಕೇತಗಳನ್ನು ಹಿಡಿದ. ಕನೆಕ್ಟಿಕಟ್‌ನ ಗ್ರೀನಿಚ್‌ನಿಂದ ಬಂದ 1ಬಿಸಿಜಿ ಎಂಬ ಗುರುತು ಅವನ ಕಿವಿಗೆ ಬೀಳದೇ ಹೋಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಕೇಳಿದ್ದೇನೆ ಅಂತ ಸ್ಟೇಷನ್ನಿಗೆ ಬರೆದು, ಅವರಿಂದ ಹೌದು ಅನ್ನಿಸಿಕೊಂಡು ತರಿಸುವ ಕ್ಯೂಎಸ್ಎಲ್ ಕಾರ್ಡ್ ಕೂಡಾ ಇದೇ ಸಾಕ್ಷಿಯ ಮುಂದುವರಿಕೆ. ಆದರೆ ಆ ಕಾರ್ಡಿಗಾಗಿ ಬರೆಯುತ್ತಿದ್ದ ಪತ್ರದಲ್ಲಿ ಒಂದು ಶರತ್ತಿತ್ತು. ಇಂಥ ಹೊತ್ತಿಗೆ ಇಂಥ ಹಾಡು, ಆಮೇಲೆ ಇಂಥ ಮಾತು ಅಂತ ವಿವರ ಕೊಡಬೇಕು. ಹೆಸರಿನ ಆಸೆಗಾದರೂ ಅರ್ಧ ಗಂಟೆ ಕಿವಿಗೊಟ್ಟು ಕೂರಬೇಕಿತ್ತು.

ಆ ಶರತ್ತನ್ನು ಸಡಿಲ ಮಾಡಿದ್ದು ನಮ್ಮ ಸಾಫ್ಟ್‌ವೇರ್. ಇಟಲಿಯ ಪರ್ಸಿಯಸ್ ಥರದ ರಿಸೀವರ್ ಇದ್ದರೆ ಇಡೀ ಮೀಡಿಯಂ ವೇವ್ ಬ್ಯಾಂಡನ್ನು ಒಂದೇ ಏಟಿಗೆ ಹಾರ್ಡ್ ಡಿಸ್ಕಿಗೆ ಇಳಿಸಬಹುದು. ಆಮೇಲೆ ಮನೆಯಲ್ಲಿ ಕೂತು ಪ್ರತಿ ಗಂಟೆಯ ಆರಂಭದ ಎರಡೇ ನಿಮಿಷ ತೆಗೆದು, ಒಂದೊಂದೇ ಫ್ರೀಕ್ವೆನ್ಸಿಯಲ್ಲಿ ಹೆಸರು ಹುಡುಕುವುದು. ನಾವು ಆಫೀಸಿನಲ್ಲಿ ಲಾಗ್ ಫೈಲಿನ ಮೇಲೆ ಗ್ರೆಪ್ ಓಡಿಸುತ್ತೇವಲ್ಲ, ಅದೇ ಕೆಲಸ. ಲಕ್ಷ ಸಾಲಿನಲ್ಲಿ ಬೇಕಾದ ಒಂದು ಸಾಲು ಹೆಕ್ಕುವುದಕ್ಕೆ ಗ್ರೆಪ್‌ನಂಥ ಸಾಧನ ಇನ್ನೊಂದಿಲ್ಲ. ಆದರೆ ಗ್ರೆಪ್ ಓಡಿಸಿದವನನ್ನು ಫೈಲ್ ಓದಿದವನು ಅಂತ ಯಾರೂ ಕರೆಯೋದಿಲ್ಲ.

ಇದರಲ್ಲಿ ನನಗೆ ನಿಜಕ್ಕೂ ಚುಚ್ಚುವ ವಿಷಯ ಬೇರೆ. 2015ರ ಕೊನೆಯಲ್ಲಿ ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ ತನ್ನ ಮೀಡಿಯಂ ವೇವ್ ಪ್ರಸಾರ ನಿಲ್ಲಿಸಿತು, ಫ್ರಾನ್ಸಿನ ಫ್ರಾನ್ಸ್ ಇನ್ಫೋ ಕೂಡ ನಿಲ್ಲಿಸಿತು. ಒಂದು ದೊಡ್ಡ ಸ್ಟೇಷನ್ ಮೌನವಾದಾಗ ಅದರಡಿ ಹೂತುಹೋಗಿದ್ದ ದೂರದ ಸ್ಟೇಷನ್‌ಗಳು ಮೇಲೆ ಬರುತ್ತವೆ. ಹೀಗಾಗಿ ಪಕ್ಕದ ಮನೆಯ ದೀಪ ಆರಿದರೆ ನಕ್ಷತ್ರ ಚೆನ್ನಾಗಿ ಕಾಣುತ್ತದೆ ಅನ್ನೋ ಖುಷಿಗೆ ಈ ಹವ್ಯಾಸದಲ್ಲಿ ಜಾಗವಿದೆ. ದೀಪ ಆರಿದ್ದು ಯಾಕೆ, ಆ ಮನೆಯಲ್ಲಿ ಯಾರಿದ್ದರು ಅಂತ ಲಾಗ್ ಕೇಳುವುದಿಲ್ಲ. ಆ ಪ್ರಸಾರ ಕೊನೆಯ ವರ್ಷಗಳಲ್ಲಿ ಹೇಗೆ ಮಾತಾಡುತ್ತಿತ್ತು ಅಂತ ನೂರಾರು ಮೈಲಿ ದೂರದಿಂದ ಕೇಳಬಲ್ಲ ಕಿವಿ ಇದ್ದವರು ಇವರೇ. ಇವರು ಬರೆದಿಟ್ಟಿದ್ದು ಸಿಗ್ನಲ್ಲಿನ ಅಂಕ.

ಇದೇ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಿ ನೋಡಿ. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765 ಎಲ್ಲವೂ ಯಾರದೋ ಪಾಲಿಗೆ ದೂರದ ಸ್ಟೇಷನ್‌ಗಳು. ಬೆಳಗಿನ ಜಾವ ವಾಲ್ಟರ್ ಕೌಫ್‌ಮನ್ ಮಾಡಿಕೊಟ್ಟ ಆಕಾಶವಾಣಿಯ ಆ ರಾಗ ಕೇಳಿಸಿದ ಕೂಡಲೇ 'ಇಂಡಿಯಾ' ಅಂತ ಬರೆದು ಒಬ್ಬ ಎದ್ದು ಹೋಗಬಹುದು. ಹೋದರೆ ಅವನಿಗೆ ವಂದೇ ಮಾತರಂ ಸಿಕ್ಕುವುದಿಲ್ಲ, ಚಿಂತನ ಸಿಕ್ಕುವುದಿಲ್ಲ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು ಅಂತ ನಿಧಾನವಾಗಿ ಹೇಳುವ ದನಿಯೂ ಸಿಕ್ಕುವುದಿಲ್ಲ. ಅರ್ಥ ಆಗದೇ ಇರಬಹುದು. ಹೇಳುವವರಿಗೆ ಅವಸರವಿಲ್ಲ ಅನ್ನೋದು ಯಾವ ಭಾಷೆಯವರಿಗೂ ಅರ್ಥವಾಗುತ್ತದೆ.

ಹಾಗಾಗಿ ಈ ಹವ್ಯಾಸ ಬಿಡಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಲಾಗ್‌ನಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಿ ಅಂತೀನಿ. ಸಿನ್ಪೋ ಆದ ಮೇಲೆ ಎರಡೇ ಸಾಲು ಜಾಗ: ಯಾರು ಮಾತಾಡುತ್ತಿದ್ದರು, ಯಾರಿಗೆ ಹೇಳುತ್ತಿದ್ದ ಹಾಗಿತ್ತು. ಸಣ್ಣ ಸ್ಟೇಷನ್‌ಗಳು ಒಂದೊಂದಾಗಿ ಮುಚ್ಚುತ್ತಿರುವ ಈ ದಿನಗಳಲ್ಲಿ, ಅವು ಏನು ಹೇಳುತ್ತಿದ್ದವು ಅನ್ನೋದಕ್ಕೆ ಆ ಎರಡು ಸಾಲು ಬಿಟ್ಟು ಬೇರೇನೂ ಉಳಿಯದೇ ಹೋಗಬಹುದು.