ಅಂಕಿತ ಬರುವ ತನಕ

ನಮ್ಮ ಸೋದರತ್ತೆಯ ಹತ್ತಿರ ಒಂದು ಹಾಡಿನ ಪುಸ್ತಕವಿತ್ತು. ಹಳೆಯ ಉದ್ದನೆಯ ಲೆಕ್ಕದ ಪುಸ್ತಕ ಅದು. ಮೊದಲ ಕೆಲವು ಹಾಳೆಗಳಲ್ಲಿ ಯಾವುದೋ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ಆಮೇಲೆಲ್ಲ ಅತ್ತೆಯ ದುಂಡನೆಯ ಅಕ್ಷರದಲ್ಲಿ ದೇವರನಾಮಗಳು. ಮಜ್ಜಿಗೆ ಕಡೆಯುವಾಗ ಒಂದು ಪದ, ಹೂ ಕಟ್ಟುವಾಗ ಒಂದು ಪದ. ಇಪ್ಪತ್ತಾರು ವರ್ಷದ ಮಗ ತೀರಿಕೊಂಡ ಮೇಲೆ ಆ ಪುಸ್ತಕ ಅಟ್ಟ ಸೇರಿತು. ಅತ್ತೆ ದೀಪ ಹಚ್ಚುತ್ತಿದ್ದರು, ಹಾಡುತ್ತಿರಲಿಲ್ಲ. ಮಾತಾಡಿಸಲು ಬಂದವರೆಲ್ಲ "ಪ್ರಾರಬ್ಧ, ಏನು ಮಾಡೋದು" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ವರ್ಷದ ತಿಥಿ ಹತ್ತಿರ ಬಂದಾಗ ಒಂದು ಸಂಜೆ ಪುಸ್ತಕ ಕೆಳಗಿಳಿಯಿತು. ಅವರು ಆರಿಸಿಕೊಂಡದ್ದು ಸ್ತುತಿಯ ಪದವಲ್ಲ, ದೇವರ ಮೇಲೆ ಪುರಂದರದಾಸರು ನೇರವಾಗಿ ದೂರು ಹೊರಿಸುವ ಪದ. ನುಡಿಯ ಮೇಲೆ ನುಡಿ ಹಾಡುತ್ತ ಕೊನೆಗೆ ಪುರಂದರ ವಿಠಲ ಎಂಬಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಪಲ್ಲವಿಗೆ ಮರಳದೆ ಎದ್ದು ಒಳಗೆ ಹೋದರು.

ನಂಬಿಕೆ ಕೈಕೊಟ್ಟ ಹೊತ್ತಿನಲ್ಲಿ ದೇವರು ಇದ್ದಾನೆಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಹರಿದಾಸ ಪರಂಪರೆ ಎರಡು ಉತ್ತರ ಕೊಡುತ್ತದೆ. ದಾಸರ ಬಗ್ಗೆ ನಾವು ಹೇಳಿಕೊಂಡು ಬಂದ ಕಥೆಗಳಲ್ಲಿ ಒಂದಿದೆ, ದಾಸರೇ ಹಾಡಿದ ಪದಗಳಲ್ಲಿ ಇನ್ನೊಂದಿದೆ. ಎರಡೂ ಒಂದೇ ಎಂದು ಬಹಳ ಕಾಲ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ನೊಂದವರ ಪಕ್ಕ ಪದಗಳು ನಿಲ್ಲುವಂತೆ ಕಥೆಗಳು ನಿಲ್ಲುವುದಿಲ್ಲ.

ಮೂಗುತಿಯ ಕಥೆ ಎಲ್ಲರಿಗೂ ಗೊತ್ತು. ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕನ ಅಂಗಡಿಗೆ ಬಡ ಬ್ರಾಹ್ಮಣನ ವೇಷದಲ್ಲಿ ಬಂದ ದೇವರು ಮಗನ ಮುಂಜಿಗೆ ಹಣ ಕೇಳುತ್ತಾನೆ, ತಿಂಗಳುಗಟ್ಟಲೆ ಅಲೆಯುತ್ತಾನೆ, ಕೊನೆಗೆ ನಾಯಕನ ಹೆಂಡತಿ ಕೊಟ್ಟ ಮೂಗುತಿಯನ್ನು ನಾಯಕನಿಗೇ ಮಾರುತ್ತಾನೆ. ಗಂಡ ಮೂಗುತಿ ಎಲ್ಲಿ ಎಂದು ಕೇಳಿದಾಗ ವಿಷ ಕುಡಿಯಲು ಹೊರಟ ಆ ಹೆಣ್ಣುಮಗಳ ಬಟ್ಟಲಲ್ಲಿ ಮೂಗುತಿ ಸಿಗುತ್ತದೆ. ನಾಯಕ ಎಲ್ಲ ಬಿಟ್ಟು ಪುರಂದರದಾಸನಾಗುತ್ತಾನೆ. ಮಾನ್ವಿಯ ಜಗನ್ನಾಥದಾಸರ ಕಥೆಯ ನಡೆಯೂ ಇದೇ. ಪಾಂಡಿತ್ಯದ ಗರ್ವದಲ್ಲಿ ಹೊಟ್ಟೆನೋವಿನ ನೆಪ ಹೇಳಿ ವಿಜಯದಾಸರ ಆಹ್ವಾನವನ್ನು ತಳ್ಳಿಹಾಕಿದವರಿಗೆ ನಿಜವಾಗಿ ಹೊಟ್ಟೆನೋವು ಬರುತ್ತದೆ, ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಧಾರೆಯೆರೆದು ಉಳಿಸುತ್ತಾರೆ.

ಕೇಳಲು ಚೆಂದದ ಕಥೆಗಳು, ಮಕ್ಕಳಿಗೆ ಹೇಳಲೇಬೇಕಾದವು. ಆದರೆ ಇವುಗಳಲ್ಲಿ ಸಂಕಟ ಎಂಬುದು ಬರೀ ಪರೀಕ್ಷೆ. ಬಟ್ಟಲ ತಳದಲ್ಲಿ ಮೂಗುತಿ ಇದ್ದೇ ಇರುತ್ತದೆ. ಮೂಗುತಿ ಸಿಗದೆ ಹೋದ ಮನೆಗೆ ಈ ಕಥೆ ಏನು ಹೇಳುತ್ತದೆ? ನಿನ್ನ ಭಕ್ತಿ ಸಾಲದು ಎಂದೇ. ಅತ್ತೆಯ ಮುಂದೆ ಕೂತು ಪ್ರಾರಬ್ಧ ಎಂದವರು ಕೆಟ್ಟವರಲ್ಲ. ಅವರಿಗೆ ಗೊತ್ತಿದ್ದ ದಾಸಸಾಹಿತ್ಯ ಇಷ್ಟೇ ಆಗಿತ್ತು.

ಕನಕನ ಕಿಂಡಿಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಉಡುಪಿಯಲ್ಲಿ ಬಾಗಿಲಿಂದ ಒಳಗೆ ಬಿಡದ ಕನಕನಿಗಾಗಿ ಕೃಷ್ಣ ಪಶ್ಚಿಮಕ್ಕೆ ತಿರುಗಿದ, ಗೋಡೆ ಬಿರಿಯಿತು ಎನ್ನುತ್ತೇವೆ. ದೇವರು ತಿರುಗಿದ, ಸರಿ. ಬಾಗಿಲು? ಗೋಡೆ ಒಡೆದ ಪವಾಡವನ್ನು ಕೊಂಡಾಡುವ ಭರದಲ್ಲಿ ಬಾಗಿಲು ಯಾಕೆ ಮುಚ್ಚಿತ್ತು ಎಂಬ ಪ್ರಶ್ನೆಯನ್ನು ಸಂಪ್ರದಾಯ ನಾಜೂಕಾಗಿ ದಾಟಿಬಿಟ್ಟಿತು. ಬಾಡ ಗ್ರಾಮದ ಆ ಕವಿ ಸ್ವತಃ ಬರೆದದ್ದನ್ನು ಓದಿದರೆ ಬೇರೆಯೇ ದೇವರು ಕಾಣುತ್ತಾನೆ.

ಅವರ 'ರಾಮಧಾನ್ಯಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ಲಂಕೆಯಿಂದ ಮರಳುತ್ತಿರುವ ರಾಮ ಗೌತಮರ ಆಶ್ರಮದಲ್ಲಿದ್ದಾಗ ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬರುತ್ತದೆ. ವ್ರೀಹಿ, ಅಂದರೆ ಭತ್ತ, ನರೆದಲೆಗನನ್ನು, ಅಂದರೆ ರಾಗಿಯನ್ನು, ಕುಲಹೀನನೆಂದು ಹಳಿಯುತ್ತದೆ. ಬರಗಾಲದಲ್ಲಿ ಬಡವರನ್ನು ಕಾಪಾಡುವವನು ನಾನು ಎಂದು ನರೆದಲೆಗ ತಿರುಗಿ ಬೀಳುತ್ತಾನೆ. ರಾಮ ಅಲ್ಲೇ ತೀರ್ಪು ಕೊಡಬಹುದಿತ್ತು. ಕೊಡುವುದಿಲ್ಲ. ಇಬ್ಬರನ್ನೂ 6 ತಿಂಗಳು ಸೆರೆಗೆ ಹಾಕಿಸಿ ಅಯೋಧ್ಯೆಗೆ ಹೊರಟುಹೋಗುತ್ತಾನೆ! ನನ್ನನ್ನು ಪ್ರತಿಸಲವೂ ಹಿಡಿದು ನಿಲ್ಲಿಸುವುದು ಆ 6 ತಿಂಗಳು. ನ್ಯಾಯ ಕೇಳಿದವನಿಗೂ ಸೆರೆ, ಅವಮಾನ ಮಾಡಿದವನಿಗೂ ಸೆರೆ. ಕತ್ತಲೆಯಲ್ಲಿ ಕೂತ ರಾಗಿಗೆ ತನ್ನ ಪರವಾಗಿ ಯಾರಾದರೂ ಇದ್ದಾರೆಂದು ತಿಳಿಯುವುದು ಹೇಗೆ? ಅವಧಿ ಮುಗಿದು ಹೊರತೆಗೆದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ರಾಮ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಬಯಲುಸೀಮೆಯ ರೈತರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ತೆರೆಯುವ ದಿನ ಒಳಗಿನ ಗಾಳಿ ಕೆಟ್ಟಿದೆಯೇ ಎಂದು ತಿಳಿಯಲು ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಮನುಷ್ಯ ಇಳಿದರೆ ಉಸಿರು ಕಟ್ಟುವ ಜಾಗದಲ್ಲಿ ಕಾಳು ಕೆಡದೆ ಉಳಿದಿರುತ್ತಿತ್ತು. ಕನಕದಾಸರಿಗೆ ಈ ನೆಲದ ಅನುಭವ ಇತ್ತು. ಹಾಗಾಗಿಯೇ ಅವರ ರಾಗಿ ಸೆರೆಯೊಳಗೆ ಯಾವ ಪವಾಡವನ್ನೂ ಕಾಣುವುದಿಲ್ಲ, ಕೆಡದೆ ಇರುತ್ತದೆ ಅಷ್ಟೆ. ಕಿಂಡಿಯ ಕಥೆಗಿಂತ ಇದು ಎಷ್ಟೋ ಪ್ರಾಮಾಣಿಕ ಎಂದು ನನಗೆ ತೋರುತ್ತದೆ.

ಇನ್ನು ಸಿದ್ಧಾಂತ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಹಾಕಿಕೊಟ್ಟ ಚೌಕಟ್ಟಿನಲ್ಲಿ ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ. ಜೀವನೊಳಗೆ ಅವನು ಬಿಂಬವಾಗಿ ಇದ್ದೇ ಇದ್ದಾನೆ, ಜೀವ ಅವನ ಪ್ರತಿಬಿಂಬ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಇನ್ನೂ ಒಂದು ಮಾತನ್ನು ಜನ ಮರೆಯುತ್ತಾರೆ. ಅಪರೋಕ್ಷ ಜ್ಞಾನವಾದವನಿಗೂ ಪ್ರಾರಬ್ಧವನ್ನು ಉಂಡೇ ತೀರಬೇಕು ಎನ್ನುತ್ತದೆ ಶಾಸ್ತ್ರ. ಅಂದರೆ ದೇವರನ್ನು ಕಂಡವನೂ ಅಳಬಹುದು, ಕಣ್ಣೀರು ಭಕ್ತಿಯ ಕೊರತೆಗೆ ಸಾಕ್ಷಿಯಲ್ಲ. ನೊಂದವರ ಬಾಯಿ ಮುಚ್ಚಿಸಲು ನಾವು ಬಳಸುವ ಪ್ರಾರಬ್ಧ ಎಂಬ ಮಾತು ನಿಜಕ್ಕೂ ಅವರಿಗೆ ಅಳುವ ಹಕ್ಕು ಕೊಡುವ ಮಾತು!

ಆದರೆ ಇದೇ ಸಿದ್ಧಾಂತದಲ್ಲಿ ಒಂದು ಕಠಿಣ ಜಾಗವಿದೆ. ಜೀವರಲ್ಲಿ ಮುಕ್ತಿಗೆ ಯೋಗ್ಯರು, ನಿತ್ಯ ಸಂಸಾರಿಗಳು, ತಮಸ್ಸಿಗೆ ಯೋಗ್ಯರು ಎಂದು ಸ್ವಭಾವದಿಂದಲೇ ಮೂರು ಬಗೆ. ಸಂಶಯ ಬಂದವನಿಗೆ ಇದಕ್ಕಿಂತ ಭಯ ಬೇರೆ ಬೇಕೆ? ನನ್ನ ಈ ಸಂಶಯ ಬಂದು ಹೋಗುವ ಮೋಡವೋ, ನನ್ನ ಸ್ವಭಾವವೋ ಎಂದು ಒಳಗೊಳಗೇ ಬೇಯಬೇಕು. ಪಂಡಿತರು ಇದಕ್ಕೆ ಸಮಾಧಾನ ಹೇಳುತ್ತಾರೆ, ತರ್ಕವಾಗಿ ಅದು ಸರಿಯೂ ಇರಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಕೂತವನಿಗೆ ಆ ಸಮಾಧಾನ ಸಾಲುವುದಿಲ್ಲ. ಪರಂಪರೆಯನ್ನು ಪ್ರೀತಿಸುವವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಆ ಹೊತ್ತಿಗೆ ಕೈಹಿಡಿಯುವುದು ಪದ. ವ್ಯಾಸರಾಯರು ವಾದದಲ್ಲಿ ಎದುರಿಲ್ಲದ ಪಂಡಿತರು, ಪುರಂದರ ಕನಕರಿಬ್ಬರಿಗೂ ಗುರುಗಳು, ತಾವೂ ಕನ್ನಡದಲ್ಲಿ ಹಾಡಿದವರು. ಅವರು ಪಳಗಿದ್ದ ಶಾಸ್ತ್ರವಿಚಾರದಲ್ಲಿ ಸಂಶಯವೂ ಒಂದು ಅಂಗ. ಸಂಶಯವಿಲ್ಲದೆ ವಿಚಾರವೇ ಹುಟ್ಟದು. ಆಮೇಲೆ ಪೂರ್ವಪಕ್ಷ: ಎದುರಾಳಿಯ ಮಾತನ್ನು ಅವನಿಗಿಂತ ಬಲವಾಗಿ ಮಂಡಿಸಬೇಕು. ಕೊನೆಗೆ ಸಿದ್ಧಾಂತ. ದಾಸರ ದೂರಿನ ಪದಗಳನ್ನು ಹಾಡುವಾಗ ನನಗೆ ಇದೇ ಕಟ್ಟು ಕಾಣುತ್ತದೆ. ಚರಣಗಳೆಲ್ಲ ಪೂರ್ವಪಕ್ಷ. ನೀನು ಕರುಣಾಳು ಎಂಬ ಬಿರುದು ಸುಳ್ಳು, ಇನ್ನೊಬ್ಬರ ಬಾಗಿಲಿಗೆ ಕೈಯೊಡ್ಡಿಸಿದೆ, ಕರೆದರೆ ಬರಲಿಲ್ಲ ಎಂದು ದಾಸರು ಯಾವ ಮುಲಾಜೂ ಇಲ್ಲದೆ ಹೇಳುತ್ತಾರೆ. ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಅಲ್ಲಿ ಸಿದ್ಧಾಂತದ ಜಾಗ ಇದೆ, ಆದರೆ ಯುಕ್ತಿ ಇಲ್ಲ, ಉತ್ತರವೂ ಇಲ್ಲ. ಹೆಸರಿದೆ.

ಇಂಥ ದೂರಿನ ಪದಗಳಿಗೆ ನಿಂದಾಸ್ತುತಿ ಎಂದು ಹೆಸರಿಟ್ಟು, ಮೇಲೆ ನಿಂದೆ ಕಂಡರೂ ಒಳಗೆಲ್ಲ ಸ್ತುತಿಯೇ ಎಂದು ವ್ಯಾಖ್ಯಾನಿಸುವ ವಾಡಿಕೆಯಿದೆ. ಕೆಲವು ಪದಗಳಿಗೆ ಅದು ಒಪ್ಪುತ್ತದೆ. ಎಲ್ಲಕ್ಕೂ ಆ ಚೀಟಿ ಅಂಟಿಸಿದರೆ ದಾಸರ ಸಂಕಟವನ್ನು ನಟನೆ ಮಾಡಿದಂತಾಗುತ್ತದೆ. ನಿಂದೆ ನಿಜವಾದ ನಿಂದೆಯೇ. ಆದರೆ ಅದು 'ನೀನು' ಎಂದು ಶುರುವಾಗುತ್ತದೆ. ದೇವರಿಲ್ಲ ಎಂದು ತೀರ್ಮಾನಿಸಿದವನು ಯಾರನ್ನೂ ನೀನು ಎನ್ನುವುದಿಲ್ಲ. ಏಕವಚನದಲ್ಲಿ ಜಗಳಕ್ಕೆ ನಿಂತವನ ಎದುರಿಗೆ ಯಾರೋ ಇದ್ದಾರೆ.

ದೇವರಿಗಿಂತ ಅವನ ನಾಮವೇ ಹೆಚ್ಚು ಎಂದು ಪುರಂದರದಾಸರು ವಾದಿಸುವ ಪ್ರಸಿದ್ಧ ಪದವೊಂದಿದೆ. ಸಭೆಯಲ್ಲಿ ದ್ರೌಪದಿಯ ಮಾನ ಕಾದದ್ದು, ಅಜಾಮಿಳನನ್ನು ಬಿಡಿಸಿದ್ದು ನಾಮವೇ ಹೊರತು ನೀನಲ್ಲ ಎಂಬ ಧಾಟಿ ಅದರದು. ಭಜನೆಯಲ್ಲಿ ಅದನ್ನು ಕುಣಿಯುವ ಲಯದಲ್ಲಿ ಹಾಡುತ್ತಾರೆ. ನಿಧಾನವಾಗಿ ಒಬ್ಬರೇ ಹಾಡಿಕೊಂಡರೆ ಅದು ಬಂದು ಕೈಹಿಡಿಯದ ದೇವರಿಗೆ ಹೇಳಿದ ಮಾತೆಂದು ತಿಳಿಯುತ್ತದೆ. ನೀನು ಬರದಿದ್ದರೂ ನಿನ್ನದೊಂದು ನನ್ನ ಬಾಯಲ್ಲಿ ಉಳಿದಿದೆ ಎಂಬ ಛಲ ಅದರಲ್ಲಿದೆ.

ಆ ಹೆಸರಾದರೂ ಎಂಥದು! ಶ್ರೀಪಾದರಾಜರ ರಂಗವಿಠಲನಿಂದ ಹಿಡಿದು ಪುರಂದರ, ವಿಜಯ, ಗೋಪಾಲ, ಜಗನ್ನಾಥ ಎಂದು ಎಷ್ಟೊಂದು ಅಂಕಿತಗಳು ವಿಠಲನಲ್ಲೇ ಮುಗಿಯುತ್ತವೆ. ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ ಮನೆಗೆ ಬಂದ ದೇವರಿಗೆ ಇಟ್ಟಿಗೆ ಎಸೆದು, ನಿಂತಿರು, ಬರುತ್ತೇನೆ ಎಂದ. ಪಂಢರಪುರದ ದೇವರು ಇಂದಿಗೂ ಸೊಂಟದ ಮೇಲೆ ಕೈಯಿಟ್ಟು ಇಟ್ಟಿಗೆಯ ಮೇಲೆ ನಿಂತಿದ್ದಾನೆ. ಕಾದು ಕಾದು ಸೋತೆ ಎಂದು ಚರಣಗಳಲ್ಲಿ ಗೋಳಾಡಿದ ದಾಸರು ಅಂಕಿತದಲ್ಲಿ ಕರೆಯುವುದು ಕಾಯುತ್ತ ನಿಂತವನನ್ನು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹಾಡಿನ ಕಟ್ಟಿನೊಳಗೇ ಅದು ಇದೆ. 12ನೇ ಶತಮಾನದ ಶರಣರೂ ಅಂಕಿತವನ್ನು ಹೀಗೆ ದುಡಿಸಿಕೊಂಡರು. ಆದರೆ ವಚನಕ್ಕೆ ಪಲ್ಲವಿಯಿಲ್ಲ. ಆಡಿದ ಮಾತು ಮತ್ತೆ ಸುತ್ತಿಕೊಂಡು ಬರುವುದಿಲ್ಲ.

1564ರಲ್ಲಿ ಪುರಂದರದಾಸರು ತೀರಿಕೊಂಡರು, ಮರುವರ್ಷವೇ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರ ಮುರಿಯಿತು. ಮುಂದೆ ದಾಸಪಂಥಕ್ಕೆ ಮತ್ತೆ ಮೈತುಂಬಿದ್ದು ಚೀಕಲಪರವಿಯ ಬಡತನದಲ್ಲಿ ಬೆಳೆದ ವಿಜಯದಾಸರಿಂದ. ರಾಯಚೂರು ಸೀಮೆಯಲ್ಲಿ ಪಸರಿಸಿದ ಈ ಎರಡನೆಯ ಘಟ್ಟದಲ್ಲಿ ತತ್ತ್ವದ ತೂಕ ಹೆಚ್ಚಾಯಿತು. ಭಾಮಿನಿ ಷಟ್ಪದಿಯ 'ಹರಿಕಥಾಮೃತಸಾರ'ದಂಥ ಗ್ರಂಥ ಕನ್ನಡಕ್ಕೆ ಸಿಕ್ಕಿದ್ದು ನಮ್ಮ ಭಾಗ್ಯ. ಮಧ್ವಶಾಸ್ತ್ರವನ್ನು ಅಷ್ಟು ಲೀಲಾಜಾಲವಾಗಿ ಕನ್ನಡ ಮಾಡಿದ ಇನ್ನೊಂದು ಕೃತಿಯಿಲ್ಲ. ಆದರೂ ಅಲ್ಲಿ ದೇವರ ಬಗ್ಗೆ ತಿಳಿಸುವ ದನಿ ಮುಂದಾಗಿ, ದೇವರನ್ನು ತಡೆದು ಕೇಳುವ ದನಿ ಹಿಂದಾಯಿತು ಎಂಬ ಕೊರಗು ನನಗಿದೆ. ಆ ದನಿ ಅಡುಗೆಮನೆಗಳಲ್ಲಿ ಉಳಿಯಿತು. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವರ ಹಾಡುಗಳನ್ನು ಬಾಯಿಂದ ಬಾಯಿಗೆ ದಾಟಿಸಿದ ಹೆಣ್ಣುಮಕ್ಕಳು ಅದನ್ನು ಕಾಪಾಡಿದರು. ದಾಸಸಾಹಿತ್ಯದ ಚರ್ಚೆಯಲ್ಲಿ ಇವರಿಗೆ ಒಂದೆರಡು ಪುಟ ಕೊಟ್ಟು ಮುಂದೆ ಹೋಗುತ್ತೇವೆ. ಅದು ಅನ್ಯಾಯ.

ಒಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ಅಂಕಿತ ಬಂದಲ್ಲಿಗೆ ಪದ ಮುಗಿಯುವುದಿಲ್ಲ. ಹಾಡುವವರು ಪಲ್ಲವಿಗೆ ಮರಳಿ ನಿಲ್ಲಿಸುತ್ತಾರೆ. ದೂರಿನ ಪದದಲ್ಲಿ ಪಲ್ಲವಿಯೇ ದೂರು. ಹೆಸರು ಹಿಡಿದು ಕರೆದಾದ ಮೇಲೆ ಮತ್ತೆ ಅದೇ ಪ್ರಶ್ನೆ. ಅತ್ತೆ ಆ ಸಂಜೆ ಅಂಕಿತದಲ್ಲೇ ನಿಲ್ಲಿಸಿ ಎದ್ದುಹೋಗಿದ್ದರು. ನಾಲ್ಕೈದು ವರ್ಷಗಳ ನಂತರ ಒಂದು ದ್ವಾದಶಿಯ ಬೆಳಿಗ್ಗೆ ಅದೇ ಪದ ಕೇಳಿಸಿತು. ದೇವರ ಮನೆಯ ಹೊಸ್ತಿಲ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದರು. ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು. ಪುರಂದರ ವಿಠಲ ಎಂದರು, ಉಸಿರು ತೆಗೆದುಕೊಂಡರು, ದನಿ ಒಂದಿಷ್ಟೂ ತಗ್ಗಿಸದೆ ಪಲ್ಲವಿಯ ದೂರನ್ನು ಮತ್ತೊಮ್ಮೆ ಪೂರ್ತಿಯಾಗಿ ಹಾಡಿದರು. ಆಮೇಲೆ ಹೊಸ ಬತ್ತಿ ಎಣ್ಣೆಗೆ ಅದ್ದಿ ದೀಪಕ್ಕಿಟ್ಟು, ಹಾಲು ಉಕ್ಕುತ್ತದೇನೋ ನೋಡು ಎಂದು ನನ್ನನ್ನು ಒಳಗೆ ಕಳಿಸಿದರು.