‘ಐರನ್ ಮೇಡನ್’ ಮೇಳದ ಚರಿತ್ರೆಯೂ ಪುರಾಣವೂ

ಇಂಗ್ಲೆಂಡಿನ ‘ಐರನ್ ಮೇಡನ್’ ವಾದ್ಯಮೇಳವು 2007ನೆಯ ಇಸವಿಯ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಭಾರತದ ತನ್ನ ಪ್ರಥಮ ಪ್ರಯೋಗವನ್ನು ನಡೆಸಿತು. 2009ರ ಫೆಬ್ರುವರಿಯಲ್ಲಿ ಅದೇ ಮೈದಾನಕ್ಕೆ ಮರಳಿ ಬಂದಿತು. ಹೆವಿ ಮೆಟಲ್ ಎಂದು ಕರೆಯಲ್ಪಡುವ, ವಿದ್ಯುತ್ ಗಿಟಾರುಗಳ ಅಬ್ಬರವೇ ಪ್ರಧಾನವಾದ ಈ ಸಂಗೀತವನ್ನು ಇತಿಹಾಸದ ಅಧ್ಯಾಪಕರು ವಿಮರ್ಶೆಗೆತ್ತಿಕೊಳ್ಳುವದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ನಮ್ಮನ್ನು ಈ ವಿಷಯಕ್ಕೆ ಎಳೆದುದು ಒಂದು ಉತ್ತರಪತ್ರಿಕೆ. ನಾಲತವಾಡದ ವಿದ್ಯಾರ್ಥಿಯೊಬ್ಬನು, ತನ್ನ ಊರಿಗೆ ದೂರವಲ್ಲದ ಕೃಷ್ಣಾ ತೀರದಲ್ಲಿ 1565ರಲ್ಲಿ ನಡೆದ ರಕ್ಕಸತಂಗಡಿಯ ಯುದ್ಧಕ್ಕೆ ನಾಲ್ಕು ಸಾಲುಗಳನ್ನು ಕೊಟ್ಟು, 1854ರ ಬಾಲಕ್ಲಾವಾ ಯುದ್ಧಕ್ಕೆ ಎರಡು ಪುಟಗಳನ್ನು ಮೀಸಲಿಟ್ಟಿದ್ದನು. ಅವನ ವರ್ಣನೆಯಲ್ಲಿ ಇಂಗ್ಲಿಷ್ ಲಘು ಅಶ್ವದಳದ ಸವಾರರೆಲ್ಲರೂ ಕೆಂಪು ಅಂಗಿ ತೊಟ್ಟಿದ್ದರು. ಕೇಳಲಾಗಿ, ಇದನ್ನು ತಾನು ಪುಸ್ತಕದಲ್ಲಿ ಓದಿಲ್ಲ, ಐರನ್ ಮೇಡನ್ ಮೇಳದ ಹಾಡಿನಲ್ಲಿ ಕೇಳಿದ್ದೇನೆ, ಆಟದಲ್ಲಿ ಕಂಡಿದ್ದೇನೆ ಎಂದನು. ಹಾಡು ಮತ್ತು ಆಟ ಇವೆರಡನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕೆಂಬ ವಿಚಾರವು ನಮಗೆ ಹೊಳೆದುದು ಆಗಲೇ.

ಮೇಳವನ್ನು 1975ರ ಕೊನೆಗೆ ಪೂರ್ವ ಲಂಡನ್ನಿನಲ್ಲಿ ಕಟ್ಟಿದವನು ಬೇಸ್ ಗಿಟಾರು ನುಡಿಸುವ ಸ್ಟೀವ್ ಹ್ಯಾರಿಸ್. ಹೆಸರೇ ಒಂದು ಪುರಾಣ. ‘ಕಬ್ಬಿಣದ ಕನ್ಯೆ’ ಎಂದರೆ ಒಳಗೆ ಮೊಳೆಗಳುಳ್ಳ, ಅಪರಾಧಿಯನ್ನು ನಿಲ್ಲಿಸಿ ಬಾಗಿಲಿಕ್ಕುವ ಪೆಟ್ಟಿಗೆ. ಅದು ಮಧ್ಯಯುಗದ ಯುರೋಪಿನಲ್ಲಿ ಬಳಕೆಯಲ್ಲಿತ್ತೆಂಬುದಕ್ಕೆ ವಿಶ್ವಾಸಾರ್ಹವಾದ ಆಧಾರವಿಲ್ಲ. ಜರ್ಮನಿಯ ಸೀಬೆನ್‌ಕೀಸನು 18ನೆಯ ಶತಮಾನದ ಕೊನೆಗೆ ಬರೆದ ವೃತ್ತಾಂತದಿಂದ ಆ ಕಥೆ ಹಬ್ಬಿತು. ಇಲ್ಲದ ಮಧ್ಯಯುಗದ ಹೆಸರನ್ನು ಹೊತ್ತ ಮೇಳವು ಇತಿಹಾಸದ ವಸ್ತುಗಳನ್ನೇ ಹಾಡತೊಡಗಿದುದು ಒಂದು ವಿನೋದ.

ಮೇಳದ ನಿಜವಾದ ಕುಲದೈವ ‘ಎಡ್ಡಿ’. ಆರಂಭದಲ್ಲಿ ಅದು ರಂಗದ ಹಿಂದೆ ತೂಗುಹಾಕಿದ ಒಂದು ಮುಖವಾಡ ಮಾತ್ರ. ಬಾಯಿಯಿಂದ ಕೆಂಪು ನೀರು ಕಾರಿ ಡ್ರಮ್ಮಿನವನ ಮೇಲೆ ಚೆಲ್ಲುತ್ತಿದ್ದಿತು. 1980ರ ಪ್ರಥಮ ಧ್ವನಿಮುದ್ರಿಕೆಯ ಹೊದಿಕೆಗೆ ಚಿತ್ರಕಾರ ಡೆರೆಕ್ ರಿಗ್ಸ್‌ನು ಬರೆದ ಶವಸದೃಶ ಮುಖವೊಂದು ದೊರೆತ ಮೇಲೆ ಆ ರುಂಡಕ್ಕೆ ದೇಹ ಬಂದಿತು. ಎಡ್ಡಿಯು ರಂಗಕ್ಕೆ ನಡೆದು ಬಂದನು, ವರ್ಷವರ್ಷಕ್ಕೆ ಎತ್ತರವಾದನು, 1984-85ರ ಲೋಕಸಂಚಾರದಲ್ಲಿ ಈಜಿಪ್ಟಿನ ದೇವಾಲಯದಂತೆ ಕಟ್ಟಿದ ರಂಗದ ಹಿಂದಿನಿಂದ ಭೀಮಾಕಾರದ ಮಮ್ಮಿಯಾಗಿ ಎದ್ದು ಕಣ್ಣಿನಿಂದ ಕಿಡಿ ಉಗುಳಿದನು. ಆ ಸಂಚಾರದ ಪ್ರಯೋಗಗಳು 180ಕ್ಕೂ ಹೆಚ್ಚು. ಅಂದು ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಪೋಲೆಂಡ್ ಹಂಗೇರಿಗಳಲ್ಲಿಯೂ ಅವು ನಡೆದವು.

ನಮ್ಮ ಕಡೆಯ ದೊಡ್ಡಾಟವನ್ನು ಕಂಡವರಿಗೆ ಇದು ಅಪರಿಚಿತವಲ್ಲ. ರಾಕ್ಷಸ ವೇಷವು ಭುಜಕೀರ್ತಿ ಕಿರೀಟಗಳೊಡನೆ ರಂಗವನ್ನು ತುಂಬಿ ಕುಣಿಯುವಾಗ ಮಕ್ಕಳು ತಾಯಂದಿರ ಮಗ್ಗುಲಿಗೆ ಸರಿಯುವದುಂಟು; ಆದರೂ ಯಾರೂ ಮನೆಗೆ ಹೋಗುವದಿಲ್ಲ. ಭೇದವಿರುವದು ಒಂದೇ ಕಡೆಗೆ. ದೊಡ್ಡಾಟದಲ್ಲಿ ಸಾರಥಿಯು ಮುಂದೆ ಬಂದು, ತಾವಾರು, ಎಲ್ಲಿಂದ ಬಂದಿರಿ, ಕಾರಣವೇನು ಎಂದು ವಿಚಾರಿಸಿಯೇ ಬಿಡುವನು. ರಾಕ್ಷಸನೂ ಉತ್ತರ ಹೇಳಲೇಬೇಕು. ಎಡ್ಡಿಗೆ ಸಾರಥಿಯಿಲ್ಲ. ಅವನು ಮೂಕ. ಇಂದು ಮಮ್ಮಿ, ನಾಳೆ ಸೈನಿಕ, ನಾಡಿದ್ದು ಸಮುರಾಯಿ. ಯಾವ ವೇಷಕ್ಕೂ ಕಾರಣ ಕೊಡಬೇಕಾಗಿಲ್ಲ.

ಈ ಮೂಕತನವು ಮೇಳದ ಬಾಳಿಗೆ ಬಹಳ ಉಪಕಾರ ಮಾಡಿದೆ. ಗಾಯಕ ಪಾಲ್ ಡಿಯಾನೊ 1981ರಲ್ಲಿ ಹೊರಬಿದ್ದನು. ಬ್ರೂಸ್ ಡಿಕಿನ್ಸನ್ ಬಂದನು. ಅವನೂ 1993ರಲ್ಲಿ ಬಿಟ್ಟುಹೋಗಿ 1999ರಲ್ಲಿ ಮರಳಿದನು. ನಡುವೆ ಬ್ಲೇಜ್ ಬೇಲಿ ಹಾಡಿದನು. ಮುಖ್ಯ ಗಾಯಕನು ಹೋದರೆ ಸಾಮಾನ್ಯವಾಗಿ ಮೇಳ ಮುರಿಯುವದು. ಇಲ್ಲಿ ಮುಖವು ಯಾವ ಗಾಯಕನದೂ ಆಗಿರದೆ ಮುಖವಾಡದ್ದಾಗಿದ್ದುದರಿಂದ ಮುರಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಡ್ರಮ್ಮಿನ ನಿಕೊ ಮೆಕ್‌ಬ್ರೇನ್ ಸಂಚಾರದಿಂದ ನಿವೃತ್ತನಾದ ಮೇಲೆಯೂ ಮೇಳವು 2025ರಲ್ಲಿ ತನ್ನ ಐವತ್ತನೆಯ ವರ್ಷದ ಸಂಚಾರವನ್ನು ಹೊರಡಿಸಿತು.

ದಂತಕಥೆಗಳಿಗೂ ಕೊರತೆಯಿಲ್ಲ. 1982ರ ‘ದಿ ನಂಬರ್ ಆಫ್ ದಿ ಬೀಸ್ಟ್’ ಮುದ್ರಿಕೆಯನ್ನು ಸೈತಾನನ ಪೂಜೆಯೆಂದು ಬಗೆದು ಅಮೆರಿಕೆಯಲ್ಲಿ ಕೆಲವರು ಸುಟ್ಟರು. ಆ ಮುದ್ರಣದ ಕಾಲಕ್ಕೆ ನಿರ್ದೇಶಕ ಮಾರ್ಟಿನ್ ಬರ್ಚನ ಮೋಟಾರು ಅಪಘಾತಕ್ಕೀಡಾಗಿ, ದುರಸ್ತಿಯ ಬಿಲ್ಲು ಸರಿಯಾಗಿ 666 ಪೌಂಡು ಬಂದಿತೆಂಬ ಕಥೆಯನ್ನು ಅಭಿಮಾನಿಗಳು ಈಗಲೂ ಹೇಳುತ್ತಾರೆ. ಡಿಕಿನ್ಸನ್ನನು ವಿಮಾನ ನಡೆಸುವ ಪೈಲಟನೂ ಹೌದು. 2008ರಲ್ಲಿ ಇಡೀ ಮೇಳವನ್ನು ತಾನೇ ಹಾರಿಸಿಕೊಂಡು ಮುಂಬಯಿಗೆ ತಂದುದು ಮಾತ್ರ ಕಥೆಯಲ್ಲ, ನಿಜ. ಅವನು ಲಂಡನ್ನಿನಲ್ಲಿ ಇತಿಹಾಸವನ್ನು ಓದಿದವನು. ಆದುದರಿಂದಲೇ ಅವನ ಮೇಲೆ ನಮ್ಮ ಆಕ್ಷೇಪ ತುಸು ಹೆಚ್ಚು.

ಈಗ ಹಾಡಿಗೆ ಬರೋಣ. 1983ರ ‘ದಿ ಟ್ರೂಪರ್’ ಹ್ಯಾರಿಸ್‌ನ ರಚನೆ. ಬಾಲಕ್ಲಾವಾದಲ್ಲಿ ಸುಮಾರು 670 ಸವಾರರು ತಪ್ಪಾಗಿ ತಿಳಿಯಲಾದ ಆಜ್ಞೆಯೊಂದರ ಮೇರೆಗೆ ರಷ್ಯನ್ ತೋಪುಗಳ ಬಾಯಿಗೆ ಕುದುರೆ ಬಿಟ್ಟರು. ಅವರಲ್ಲೊಬ್ಬನು ಬೀಳುವವರೆಗೆ ಕಂಡಷ್ಟೇ ಹಾಡಿನಲ್ಲಿದೆ. ಬೇಸ್ ಗಿಟಾರಿನ ನಡೆಯು ಕುದುರೆಯ ಓಟವನ್ನೇ ಹಿಡಿದಿದೆ. ಎರಡು ಗಿಟಾರುಗಳು ಜೊತೆಗೂಡಿ ಅದರ ಮೇಲೆ ಹಾಯುತ್ತವೆ. ಸೇನಾಧಿಪತಿಗಳಾದ ರ‍್ಯಾಗ್ಲನ್, ಲೂಕನ್, ಕಾರ್ಡಿಗನ್ ಇವರ ಹೆಸರಿಲ್ಲ. ಆಜ್ಞೆ ಹೇಗೆ ಕೆಟ್ಟಿತೆಂಬುದೂ ಇಲ್ಲ. ಮೊದಲು ಇದನ್ನು ನಾವು ದೋಷವೆಂದೇ ಎಣಿಸಿದ್ದೆವು. ಆದರೆ ಆ ಸವಾರನಿಗೆ ತಾನೇ ಅದೆಲ್ಲಿ ತಿಳಿದಿದ್ದಿತು? ಕಾರಣ ತಿಳಿಯದೆ ಸಾಯುವವನ ಬಾಯಿಂದ ಕಾರಣವನ್ನು ಹೇಳಿಸದೆ ಇದ್ದುದು ಕವಿಯ ವಿವೇಕ. ಇದಕ್ಕೆ ಹೋಲಿಸಿದರೆ 1986ರ ‘ಅಲೆಕ್ಸಾಂಡರ್ ದಿ ಗ್ರೇಟ್’ ಹಾಡು ಜನನ, ಜಯ, ಮರಣಗಳನ್ನು ಕ್ರಮವಾಗಿ ಪೋಣಿಸಿದ ನಮ್ಮ ತರಗತಿಯ ಟಿಪ್ಪಣಿಯಂತಿದೆ. ಮೇಳದವರೇ ಅದನ್ನು 2023ರವರೆಗೆ ರಂಗದ ಮೇಲೆ ಹಾಡಿರಲಿಲ್ಲ.

ಆದರೆ ‘ದಿ ಟ್ರೂಪರ್’ ರಂಗವೇರಿದಾಗ ಏನಾಗುವದು? ಡಿಕಿನ್ಸನ್ ಕೆಂಪು ಸೈನಿಕ ಅಂಗಿ ತೊಟ್ಟು ಬ್ರಿಟಿಷ್ ಧ್ವಜವನ್ನು ಬೀಸುತ್ತಾನೆ. ಹೊದಿಕೆಯ ಚಿತ್ರದ ಎಡ್ಡಿಗೂ ಅದೇ ಕೆಂಪು, ಅದೇ ಧ್ವಜ. ಲಘು ಅಶ್ವದಳದ ಅಂಗಿಗಳು ನೀಲಿ. ಬಣ್ಣದ ತಪ್ಪು ಸಣ್ಣದು. ಅದರ ಹಿಂದಿನ ತಪ್ಪು ಸಣ್ಣದಲ್ಲ. ಹಾಡು ಹೆಸರಿಲ್ಲದವನೊಬ್ಬನ ಸಾವನ್ನು ಹೇಳುತ್ತದೆ. ಆಟವು ಅದನ್ನು ರಾಷ್ಟ್ರದ ವಿಜಯೋತ್ಸವವಾಗಿ ಕಾಣಿಸುತ್ತದೆ. ಕೆಂಪು ಅಂಗಿ ದೂರಕ್ಕೆ ಕಾಣುವದೆಂಬ ಸಮಾಧಾನವನ್ನು ನಟರು ಹೇಳಬಹುದು. ಇತಿಹಾಸ ಓದಿದವನಿಂದ ಅದನ್ನು ನಾವು ಒಪ್ಪಲಾರೆವು.

ಬಾಲಕ್ಲಾವಾದ ಮೂರು ವರ್ಷಗಳ ತರುವಾಯ, 1857ರಲ್ಲಿ, ಕಂಪನಿ ಸರಕಾರದ ಸೈನ್ಯವು ಮುಧೋಳದ ಹತ್ತಿರದ ಹಲಗಲಿಗೆ ನುಗ್ಗಿತು. ಆಯುಧಗಳನ್ನು ಒಪ್ಪಿಸಲೊಲ್ಲದ ಬೇಡರ ಊರು ಸುಟ್ಟುಹೋಯಿತು. ಫ್ಲೀಟನು 19ನೆಯ ಶತಮಾನದಲ್ಲಿಯೇ ಪ್ರಕಟಿಸಿದ ಹಲಗಲಿಯ ಲಾವಣಿಯು ಆಯುಧ ಕಸಿಯುವ ಹುಕುಮಿನಿಂದ ತೊಡಗಿ, ಕಾದಿದವರ ಹೆಸರು ಹಿಡಿದು ಹೇಳುತ್ತದೆ. ಅಂದರೆ ಹ್ಯಾರಿಸ್ ಬಿಟ್ಟುಬಿಟ್ಟ ಕಾರಣ, ಹೆಸರು ಎರಡೂ ನಮ್ಮ ಲಾವಣಿಕಾರನಲ್ಲಿವೆ. ಹಲಗಲಿಯವರಿಗೆ ತಾವೇಕೆ ಕಾದುತ್ತಿರುವೆವೆಂಬುದು ತಿಳಿದಿದ್ದಿತು. ಡಪ್ಪು ತುಂತುಣಿಗಳ ಎದುರು ಆ ಲಾವಣಿಗೆ ಧ್ವಜವೂ ಬೇಡ, ಕೆಂಪು ಅಂಗಿಯೂ ಬೇಡ.

ರಕ್ಕಸತಂಗಡಿಗೆ ಬಂದರೆ ಸ್ಥಿತಿ ಬೇರೆ. ನಾವು ಪಾಠ ಹೇಳುವದು ಬಹುಮಟ್ಟಿಗೆ ಫಿರಿಶ್ತಾ, ಆಫ್ತಾಬಿ ಮೊದಲಾದ ಆಸ್ಥಾನದವರ ಬರಹಗಳಿಂದ. ಅಲ್ಲಿಯೂ ನಡುವೆ ಬಂದು ನಿಲ್ಲುವದು ಒಂದು ರುಂಡವೇ: ಅಳಿಯ ರಾಮರಾಯನದು. ಆಫ್ತಾಬಿಯ ಕಾವ್ಯದಲ್ಲಿ ಶಿರಚ್ಛೇದದ ಚಿತ್ರವೇ ಇದೆ. ಫಿರಿಶ್ತಾನನ್ನು ಇಂಗ್ಲಿಷಿಗೆ ತಂದ ಬ್ರಿಗ್ಸನು ಆ ತಲೆಯನ್ನು ಅಹಮದನಗರದಲ್ಲಿ ವರ್ಷಂಪ್ರತಿ ಪ್ರದರ್ಶಿಸುತ್ತಿದ್ದರೆಂದು 1829ರಲ್ಲಿ ಬರೆದನು. ಬ್ರಿಗ್ಸನ ಮಾತನ್ನು ಪರೀಕ್ಷಿಸದೆ ನಂಬಲಾಗದು. ಆದರೆ ನಮ್ಮ ಪಠ್ಯಪುಸ್ತಕಗಳು ಆ ತಲೆಯ ಸುತ್ತಲೇ ತಿರುಗುತ್ತ ಬಂದಿವೆ. ಎಡ್ಡಿಯ ತಲೆ ಕಾಗದದ್ದೆಂದು ನೋಡುವವರೆಲ್ಲರಿಗೂ ಗೊತ್ತು. ಇದರ ವಿಷಯದಲ್ಲಿ ಹಾಗೆನ್ನುವಂತಿಲ್ಲ. ಅಂದು ರಣರಂಗದಿಂದ ಓಡಿದ ಒಬ್ಬ ಸಾಮಾನ್ಯ ಸವಾರನು ಏನು ಕಂಡನೆಂಬುದನ್ನು ನಾವು ತರಗತಿಯಲ್ಲಿ ಕೇಳಿಯೇ ಇರಲಿಲ್ಲ. ನಾಲ್ಕು ಸಾಲು ಬರೆದ ಹುಡುಗನು, ನಾವು ಹೇಳಿದಷ್ಟನ್ನು ಬರೆದಿದ್ದನು.

ಬಾಲಕ್ಲಾವಾದ ಉತ್ತರಕ್ಕೆ ಅವನಿಗೆ ಒಳ್ಳೆಯ ಗುಣಗಳನ್ನೇ ಕೊಟ್ಟೆವು. ಕೆಂಪು ಅಂಗಿಗಾಗಿ ಅರ್ಧ ಗುಣ ಕಳೆದೆವು.