ಇಲ್ಲದ ಕಟ್ಟಡವನ್ನು ನೋಡುವ ಬಗೆ

ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲೊಂದು ಚರ್ಚು. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಬ್ಯಾಂಕಿಗಾಗಿ ಎದ್ದ ಗಗನಚುಂಬಿ. ವಾಷಿಂಗ್ಟನ್ನಿನಲ್ಲಿ ಫ್ರೀಮೇಸನ್ನರ ಮಂದಿರ. ಮೆಲ್ಬರ್ನಿನಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕ. ದೇವರು, ಹಣ, ಸೋದರಸಂಘ, ಯುದ್ಧ ಎಂದು ಒಂದಕ್ಕೊಂದು ನಂಟಿಲ್ಲದ ಕಾರಣಗಳಿಗೆ ಕಟ್ಟಿದ ಈ ನಾಲ್ಕೂ ಒಂದೇ ಗೋರಿಯ ಸಂತಾನ. ಆ ಗೋರಿ ನೆಲದ ಮೇಲೆ ಉಳಿದಿಲ್ಲ. ಈ ನಾಲ್ಕನ್ನು ಕಟ್ಟಿದವರಲ್ಲಿ ಒಬ್ಬರೂ ಅದು ನಿಂತಿದ್ದನ್ನು ಕಂಡವರಲ್ಲ. ಹಾಗಿದ್ದೂ ಅದು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಟ್ಟಡಗಳನ್ನು ಹುಟ್ಟಿಸುತ್ತ ಬಂದಿದೆ. ಅದನ್ನು ಕಣ್ಣಿಗೆ ತಂದುಕೊಳ್ಳುವುದು ಹೇಗೆ, ಅದರ ಮಕ್ಕಳನ್ನು ಗುರುತಿಸುವುದು ಹೇಗೆ ಎಂದು ಹೊಸಬರಿಗೆ ಹೇಳಿಕೊಡಲು ಈ ಬರಹ.

ಗೋರಿ ಮೌಸೋಲಸ್ ಎಂಬ ದೊರೆಯದು. ಇಂದಿನ ತುರ್ಕಿಯ ನೈರುತ್ಯ ಮೂಲೆಯ ಕಾರಿಯಾ ಪ್ರಾಂತ್ಯವನ್ನು ಅವನು ಕ್ರಿ.ಪೂ. 377ರಿಂದ 353ರವರೆಗೆ ಆಳಿದ. ಹೆಸರಿಗೆ ಪರ್ಷಿಯಾದ ಚಕ್ರವರ್ತಿಯ ಕೈಕೆಳಗಿನ ಸಾಮಂತ, ನಡೆಯಲ್ಲಿ ಸ್ವತಂತ್ರ ಅರಸ. ರಾಜಧಾನಿಯನ್ನು ಒಳನಾಡಿನ ಮಿಲಾಸಾದಿಂದ ಕಡಲ ತೀರದ ಹ್ಯಾಲಿಕಾರ್ನಾಸಸ್‌ಗೆ ತಂದ. ಇತಿಹಾಸಕಾರ ಹೆರೊಡೋಟಸ್ ಹುಟ್ಟಿದ ಊರು ಅದು, ಇಂದಿನ ಹೆಸರು ಬೋದ್ರುಮ್. ಮೌಸೋಲಸನ ಹೆಂಡತಿ ಆರ್ಟೆಮಿಸಿಯಾ ಅವನ ಸೋದರಿಯೂ ಹೌದು. ಆ ಮನೆತನದಲ್ಲಿ ಅದು ರೂಢಿ. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಆಳಿ ಅವಳೂ ತೀರಿಕೊಂಡಳು. ಆಗ ಗೋರಿಯ ಕೆಲಸ ಮುಗಿದಿರಲಿಲ್ಲ. ಕೂಲಿ ಕೊಡುವ ಒಡತಿ ಇಲ್ಲದಿದ್ದರೂ ಶಿಲ್ಪಿಗಳು ತಮ್ಮ ಹೆಸರಿಗಾಗಿ, ಕಲೆಯ ಮರ್ಯಾದೆಗಾಗಿ ಅದನ್ನು ಮುಗಿಸಿಯೇ ಹೋದರೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಗಂಡನ ಬೂದಿಯನ್ನು ಪಾನೀಯದಲ್ಲಿ ಕಲಸಿ ಅವಳು ಕುಡಿದಳೆಂಬ ಕಥೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ನನಗೆ ಮಾತ್ರ ಆ ಶಿಲ್ಪಿಗಳ ಕಥೆಯೇ ದೊಡ್ಡದು.

ಈಗ ಕಟ್ಟಡಕ್ಕೆ ಬರೋಣ. ನಮ್ಮ ದೇವಾಲಯಗಳನ್ನು ನೋಡಿ ಬೆಳೆದವರಿಗೆ ಇಲ್ಲೊಂದು ಅನುಕೂಲವಿದೆ. ಅಧಿಷ್ಠಾನದಿಂದ ಆರಂಭಿಸಿ ಗೋಡೆ, ಶಿಖರ, ಕಳಶ ಎಂದು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ನಮಗೆ ಮೊದಲಿಂದಲೂ ಉಂಟು. ಮೌಸೋಲಸನ ಗೋರಿಯನ್ನೂ ಹಾಗೆಯೇ ಓದಬೇಕು. ಅದರಲ್ಲಿ ನಾಲ್ಕು ಹಂತ. ಎಲ್ಲಕ್ಕಿಂತ ಕೆಳಗೆ, ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ, ಬಾಗಿಲು ಕಿಟಕಿ ಕಾಣದ ಭಾರಿ ಜಗಲಿ. ಒಡಲಿಗೆ ಹಸಿರು ಛಾಯೆಯ ಜ್ವಾಲಾಮುಖಿ ಕಲ್ಲು, ಮೈಗೆ ಅಮೃತಶಿಲೆ ಮತ್ತು ನೀಲಿ ಸುಣ್ಣಕಲ್ಲು. ಅದರ ಮೇಲೆ ಸುತ್ತಲೂ 36 ಅಯೋನಿಕ್ ಕಂಬಗಳು, ಅಗಲದ ಬದಿಯಲ್ಲಿ 9, ಉದ್ದದ ಬದಿಯಲ್ಲಿ 11, ಮೂಲೆಯವು ಎರಡೂ ಕಡೆಯ ಲೆಕ್ಕಕ್ಕೆ. ಕಂಬಗಳ ಮೇಲೆ 24 ಮೆಟ್ಟಿಲಿನ ಪಿರಮಿಡ್. ಅದರ ತುದಿಯಲ್ಲಿ ನಾಲ್ಕು ಕುದುರೆಯ ರಥ. ಒಟ್ಟು ಎತ್ತರ ಪ್ಲಿನಿಯ ಲೆಕ್ಕದಲ್ಲಿ 140 ಅಡಿ.

ಕೆಳಗಿನ ಮೂರು ಹಂತಗಳೂ ಒಂದೊಂದು ನಾಡಿನಿಂದ ಬಂದವು. ಎತ್ತರದ ಜಗಲಿಯ ಮೇಲೆ ಗೋರಿ ಕಟ್ಟುವುದು ಪಕ್ಕದ ಲಿಸಿಯಾದವರ ಪದ್ಧತಿ. ಅಲ್ಲಿನ ಕ್ಸಾಂಥೋಸ್‌ನಲ್ಲಿ ಕೆಲವೇ ದಶಕ ಮೊದಲು ಎದ್ದ ನಿರೀಡ್ ಸ್ಮಾರಕ ಇದಕ್ಕೆ ಹತ್ತಿರದ ಹಿರಿಯ. ಕಂಬಸಾಲು ಗ್ರೀಕರದು. ಪಿರಮಿಡ್ಡಿನಲ್ಲಿ ಈಜಿಪ್ಟಿನ ನೆನಪಿದೆ ಎಂಬುದು ಬಹುಕಾಲದಿಂದ ಬಂದ ಮಾತು. ಮೂರು ನಾಡಿನ ನಡುವಣ ಬಂದರಿನಲ್ಲಿ ಆಳಿದ ದೊರೆ ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿದ. ಕೇಳುವಾಗ ಜೋಡಣೆ ಮಾತ್ರ ಎನ್ನಿಸುತ್ತದೆ. ಆದರೆ ಇಲ್ಲಿ ನಡೆದಿರುವ ಸಾಹಸವನ್ನು ಗಮನಿಸಿ. ಪಿರಮಿಡ್ ಎಂದರೆ ನೆಲಕ್ಕೆ ಅಂಟಿ ಕೂತ ಭಾರ. ಅದನ್ನು ಎತ್ತಿ ಕಂಬಗಳ ಮೇಲೆ, ಬೆಳಕು ನೆರಳು ಆಡುವ ಬಯಲ ಮೇಲೆ ಇರಿಸಿದ್ದಾರೆ. ದೂರದ ಕಡಲಿನಿಂದ ನೋಡುವ ನಾವಿಕನಿಗೆ ಕಂಬಗಳ ನಡುವಿನ ನೆರಳು ಒಂದು ಕಪ್ಪು ಪಟ್ಟಿಯಾಗಿ, ಅದರ ಮೇಲೆ ಬಿಳಿಯ ಬೆಟ್ಟ ಆಧಾರವಿಲ್ಲದೆ ತೇಲಿದಂತೆ ಕಂಡಿರಬೇಕು. ರೋಮಿನ ಕವಿ ಮಾರ್ಷಲ್‌ಗೂ ಈ ತೇಲುವ ಗುಣವೇ ಹಿಡಿಸಿತ್ತು. ಗಾಳಿಯ ಮೇಲೆ ಕೂತ ಭಾರ: ಈ ಪರಂಪರೆಯ ಯಾವ ಕಟ್ಟಡದ ಮುಂದೆ ನಿಂತರೂ ಮೊದಲು ಹುಡುಕಬೇಕಾದ್ದು ಅದನ್ನು. ಉಳಿದದ್ದೆಲ್ಲ ಆಮೇಲೆ.

ವಿನ್ಯಾಸ ಮಾಡಿದವರು ಪಿಥಿಯೋಸ್ ಮತ್ತು ಸ್ಯಾಟಿರೋಸ್. ಇಬ್ಬರೂ ಸೇರಿ ಇದರ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದರೆಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುತ್ತಾನೆ. ಆ ಗ್ರಂಥ ಉಳಿದಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು. ಉಳಿದದ್ದು ಪ್ಲಿನಿಯ ಒಂದು ಸಣ್ಣ ಕಂಡಿಕೆ. ಅದರಲ್ಲೂ ಅಳತೆ ಕೂಡಿಬರುವುದಿಲ್ಲ: ಉದ್ದದ ಬದಿ 63 ಅಡಿ, ಅಗಲದ ಬದಿ ಅದಕ್ಕಿಂತ ಕಡಿಮೆ, ಆದರೆ ಸುತ್ತಳತೆ 440 ಅಡಿ. 63 ಅಡಿಯ ಕಟ್ಟಡದ ಸುತ್ತ 440 ಅಡಿ ಹೇಗೆ ಬಂತು? ಈ ಒಂದು ತೊಡಕನ್ನು ಬಿಡಿಸಲು ಯೂರೋಪಿನ ವಾಸ್ತುಶಿಲ್ಪಿಗಳು ತಲೆಮಾರುಗಟ್ಟಲೆ ಚಿತ್ರ ಬರೆದರು. ಹಾಗೆ ಬರೆದವರಲ್ಲಿ ಜೇಮ್ಸ್ ಫರ್ಗುಸನ್ ಒಬ್ಬ. 1862ರಲ್ಲಿ ಹ್ಯಾಲಿಕಾರ್ನಾಸಸ್‌ನ ಗೋರಿಯ ಪುನಾರಚನೆ ಕುರಿತು ಪುಸ್ತಕ ತಂದ ಈತನೇ 1866ರಲ್ಲಿ ಬಿಜಾಪುರದ ಕಟ್ಟಡಗಳ ಬಗ್ಗೆ, ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಬಗ್ಗೆ ಬಂದ ಎರಡು ದೊಡ್ಡ ಛಾಯಾಚಿತ್ರ ಸಂಪುಟಗಳಿಗೆ ವಾಸ್ತು ಟಿಪ್ಪಣಿ ಬರೆದವನು. ಗೋಳಗುಮ್ಮಟವನ್ನೂ ಕಾರಿಯಾದ ಗೋರಿಯನ್ನೂ ಒಂದೇ ದಶಕದಲ್ಲಿ ಒಂದೇ ತಲೆ ಅಳೆದು ನೋಡಿತ್ತು.

ತಾಯಿಕಟ್ಟಡ ಏನಾಯಿತು? ಮಧ್ಯಯುಗದ ಭೂಕಂಪಗಳು ಕೆಡವಿದವು. 15ನೇ ಶತಮಾನದ ಆರಂಭದಲ್ಲಿ ಸೇಂಟ್ ಜಾನ್ ಪಂಥದ ಕ್ರೈಸ್ತ ಯೋಧರು ಬಂದರಿನ ಬಾಯಲ್ಲಿ ಕೋಟೆ ಕಟ್ಟಲು ತೊಡಗಿ, ಬಿದ್ದ ಕಲ್ಲನ್ನು ಬಳಸಿಕೊಂಡರು. 1522ರಲ್ಲಿ ತುರ್ಕರ ದಾಳಿಯ ಭಯಕ್ಕೆ ಕೋಟೆಯನ್ನು ಬಲಪಡಿಸುವಾಗ ಅಮೃತಶಿಲೆಯನ್ನು ಸುಟ್ಟು ಗಾರೆಗೆ ಸುಣ್ಣ ಮಾಡಿದರು. ಯಾವ ಶಿಲ್ಪ ಸುಟ್ಟಿತು, ಯಾವುದು ಉಳಿಯಿತು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೆಲವು ಫಲಕಗಳನ್ನು ಅವರೇ ಅಂದವೆಂದು ಕೋಟೆಯ ಗೋಡೆಗೆ ಹಾಕಿಕೊಂಡಿದ್ದರಿಂದ ಅಷ್ಟಾದರೂ ಉಳಿಯಿತು. 1846ರಲ್ಲಿ ಆ ಫಲಕಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದವು. 1856-57ರಲ್ಲಿ ಚಾರ್ಲ್ಸ್ ನ್ಯೂಟನ್ ನಿವೇಶನವನ್ನೇ ಅಗೆದ. ಆಮೇಲೆ 1966ರಿಂದ 1977ರವರೆಗೆ ಡೆನ್ಮಾರ್ಕಿನ ಕ್ರಿಸ್ಟಿಯನ್ ಯೆಪ್ಪೆಸೆನ್ ತಂಡ ತಳಪಾಯವನ್ನು ಇಂಚಿಂಚಾಗಿ ಶೋಧಿಸಿತು. ಬಂಡೆ ಕಡಿದು ಮಾಡಿದ ತಳದ ಗುಂಡಿ ಸುಮಾರು 38 ಮೀಟರ್ ಉದ್ದ, 32 ಮೀಟರ್ ಅಗಲ. ಗೋರಿಗೆ ಇಳಿಯುವ ಮೆಟ್ಟಿಲುಗಳ ಬುಡದಲ್ಲಿ ದನ, ಕುರಿ, ಆಡು, ಕೋಳಿಗಳ ಎಲುಬಿನ ರಾಶಿ ಸಿಕ್ಕಿತು. ದೊರೆಯನ್ನು ಕಳಿಸುವಾಗ ಕೊಟ್ಟ ಎಡೆ ಅದು. ಬೋದ್ರುಮ್‌ಗೆ ಹೋದರೆ ಇಂದು ಕಾಣುವುದು ಆ ಗುಂಡಿ, ಹಸಿರು ಕಲ್ಲು, ಉರುಳಿದ ಕಂಬದ ತುಂಡುಗಳು. ಎತ್ತರವನ್ನು ಹುಡುಕಿಕೊಂಡು ಹೋದವರಿಗೆ ನಿರಾಶೆ ಖಚಿತ. ತಳದ ವಿಸ್ತಾರವನ್ನು ಕಾಲಿನಿಂದ ಅಳೆಯಲು ಹೋಗಿ. ಒಂದು ಬದಿಯುದ್ದಕ್ಕೂ ನಡೆದು, ಅದರಷ್ಟೇ ಎತ್ತರವನ್ನು ತಲೆಯ ಮೇಲೆ ಊಹಿಸಿಕೊಂಡರೆ ಗೋರಿ ಒಂದು ಕ್ಷಣಕ್ಕೆ ಎದ್ದು ನಿಲ್ಲುತ್ತದೆ.

ಶಿಲ್ಪ ನೋಡಲು ಬ್ರಿಟಿಷ್ ಮ್ಯೂಸಿಯಮ್ಮಿನ 21ನೇ ಕೋಣೆ. ಪೂರ್ವಕ್ಕೆ ಸ್ಕೋಪಾಸ್, ಉತ್ತರಕ್ಕೆ ಬ್ರಯಾಕ್ಸಿಸ್, ದಕ್ಷಿಣಕ್ಕೆ ತಿಮೋಥಿಯಸ್, ಪಶ್ಚಿಮಕ್ಕೆ ಲಿಯೋಖಾರೆಸ್ ಎಂದು ನಾಲ್ವರು ಪಂಥ ಕಟ್ಟಿದಂತೆ ಕೆತ್ತಿದರೆಂದು ಪ್ಲಿನಿ ಹೇಳಿದ್ದಾನೆ. ಯಾವ ಫಲಕ ಯಾರದೆಂದು ಊಹಿಸುವ ಆಟಕ್ಕೆ ಹೊಸಬರು ಇಳಿಯುವುದು ಬೇಡ. ವಿದ್ವಾಂಸರೇ ಅದರಲ್ಲಿ ಒಮ್ಮತಕ್ಕೆ ಬಂದಿಲ್ಲ. ಬದಲಿಗೆ ಗ್ರೀಕರಿಗೂ ಅಮೆಜಾನ್ ವೀರವನಿತೆಯರಿಗೂ ನಡೆದ ಕಾಳಗದ ಪಟ್ಟಿಕೆಯ ಮುಂದೆ ನಿಂತು, ಮೊದಲು ದೇಹಗಳನ್ನು ಬಿಟ್ಟು ಅವುಗಳ ನಡುವಿನ ಖಾಲಿ ಜಾಗವನ್ನು ನೋಡಿ. ಅಥೆನ್ಸಿನ ಪಾರ್ಥೆನಾನ್ ಮೆರವಣಿಗೆಯಲ್ಲಿ ಮೈಗೆ ಮೈ ತಾಗುತ್ತದೆ. ಇಲ್ಲಿ ಒಬ್ಬರಿಗೊಬ್ಬರು ದೂರ, ಪ್ರತಿಯೊಂದು ದೇಹವೂ ಓರೆಯಾಗಿ ಬಾಗಿ ಇನ್ನೊಂದರ ಕಡೆ ಎರಗುತ್ತದೆ. ಬಾಗಿದ ಗೆರೆಗಳು ಒಂದನ್ನೊಂದು ಕತ್ತರಿಸಿ ಕಣ್ಣನ್ನು ನಿಲ್ಲಲು ಬಿಡುವುದಿಲ್ಲ. ಓಡುವ ಕುದುರೆಯ ಮೇಲೆ ಹಿಂದುಮುಂದಾಗಿ ಕೂತು ಬೆನ್ನಟ್ಟಿದವನತ್ತ ಬಾಣ ಬಿಡುವ ಅಮೆಜಾನಳೊಬ್ಬಳಿದ್ದಾಳೆ. ಅವಳನ್ನು ಹುಡುಕಿ ಅವಳ ಮುಂದೆ ಸಮಯ ಕಳೆಯಿರಿ. ಪಟ್ಟಿಕೆ ನೆಲದಿಂದ ಬಹಳ ಮೇಲೆ ಇತ್ತೆಂಬುದನ್ನೂ, ಕಲ್ಲು ಈಗಿನಂತೆ ಬೋಳು ಬಿಳುಪಾಗಿರದೆ ಬಣ್ಣ ಹೊತ್ತಿತ್ತೆಂಬುದನ್ನೂ ಮರೆಯಬೇಡಿ. ಮೇಲಿದ್ದದ್ದು ಕೆಳಗಿನವರಿಗೆ ಕಾಣಲೆಂದೇ ಗೆರೆಗಳಿಗೆ ಇಷ್ಟು ರಭಸ.

ಅದೇ ಕೋಣೆಯಲ್ಲಿ ತುದಿಯ ರಥದ ಕುದುರೆಯ ಮುಂಭಾಗ ಇದೆ, ಬಾಯಲ್ಲಿ ಕಂಚಿನ ಕಡಿವಾಣ ಹಾಗೆಯೇ ಉಳಿದಿದೆ. ಪಕ್ಕದಲ್ಲಿ ಮೂರು ಮೀಟರ್ ಎತ್ತರದ ಪುರುಷ ಪ್ರತಿಮೆ. ಹಿಂದಕ್ಕೆ ಬಾಚಿದ ನೀಳ ಕೂದಲು, ಮೀಸೆ, ಅಗಲ ಮುಖ. ಗ್ರೀಕ್ ಆದರ್ಶ ಪುರುಷನ ಮುಖವಲ್ಲ, ಕಾರಿಯಾದ ಒಬ್ಬ ಗಟ್ಟಿ ಮನುಷ್ಯನ ಮುಖ. ಮೌಸೋಲಸ್ ಎಂದು ಹೆಸರು ಹಚ್ಚಿದ್ದಾರೆ, ಆದರೆ ಕಂಬಗಳ ನಡುವೆ ಸಾಲಾಗಿ ನಿಂತಿದ್ದ ಅವನ ವಂಶದವರಲ್ಲಿ ಒಬ್ಬನಿರಬೇಕೆಂಬುದೇ ಇಂದು ಹೆಚ್ಚಿನವರು ಒಪ್ಪುವ ಮಾತು. ಹೆಸರು ಯಾವುದೇ ಇರಲಿ, ಗ್ರೀಕ್ ಉಳಿ ಗ್ರೀಕನಲ್ಲದವನ ಮುಖಕ್ಕೆ ಕೊಟ್ಟ ಗೌರವ ಇದು.

ಇನ್ನು ಮಕ್ಕಳ ವಿಷಯ. ಮೆಟ್ಟಿಲು ಮೆಟ್ಟಿಲಾದ ತುದಿ ಕಂಡ ಕೂಡಲೇ ಬಂಧುತ್ವ ಹಚ್ಚಬಾರದು. ಹಾಸನದ ಬಳಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಕದಂಬ ಶೈಲಿಯ ಶಿಖರಗಳೂ ಮೆಟ್ಟಿಲಿನ ಪಿರಮಿಡ್ಡುಗಳೇ. ಅವುಗಳ ಬೇರು ಇಲ್ಲಿನ ಮಣ್ಣಿನಲ್ಲೇ ಇದೆ. ಗೋಳಗುಮ್ಮಟವೂ ದೊರೆಯ ಮಹಾಗೋರಿ, ಆದರೆ ಗುಮ್ಮಟದ ಕುಲವೇ ಬೇರೆ. ಜಗಲಿ, ಕಂಬಸಾಲು, ಮೆಟ್ಟಿಲಿನ ಪಿರಮಿಡ್ ಮೂರೂ ಇದೇ ಕ್ರಮದಲ್ಲಿ ಸಿಕ್ಕರೆ, ಅಥವಾ ಕಟ್ಟಿದವನೇ ಪ್ಲಿನಿಯನ್ನು ಓದಿದ್ದನೆಂದು ದಾಖಲೆ ಇದ್ದರೆ ಮಾತ್ರ ನಂಟು ಒಪ್ಪಿ.

ತವರಿನ ಹತ್ತಿರದಲ್ಲೇ ಒಂದು ಮಗು ಇಡಿಯಾಗಿ ನಿಂತಿದೆ. ಮಿಲಾಸ್‌ನ ಗುಮುಶ್‌ಕೆಸೆನ್, ರೋಮನ್ ಕಾಲದ ಪುಟ್ಟ ಗೋರಿ. ಜಗಲಿ, ಕಂಬ, ಮೆಟ್ಟಿಲಿನ ಚಾವಣಿ ಮೂರನ್ನೂ ಒಂದೇ ನೋಟದಲ್ಲಿ ಹಿಡಿಯಬಹುದು. ಪಾಠಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಅಮೆರಿಕದವರು ಈ ರೂಪವನ್ನು ಬಹಳ ಪ್ರೀತಿಸಿದರು. 1897ರ ಗ್ರಾಂಟ್ ಸಮಾಧಿ ನ್ಯೂಯಾರ್ಕಿನಲ್ಲಿದೆ. ತುದಿ ಶಂಕುವಿನಾಕಾರಕ್ಕೆ ತಿರುಗಿದ್ದರಿಂದ ದೂರದ ನೆಂಟ. 1912ರ ಬ್ಯಾಂಕರ್ಸ್ ಟ್ರಸ್ಟ್ ಕಟ್ಟಡವಂತೂ ಪಿರಮಿಡ್ಡನ್ನೇ ಮುಗಿಲೆತ್ತರಕ್ಕೆ ಒಯ್ದು ಕೂರಿಸಿತು. ಬೀದಿಯಲ್ಲಿ ನಿಂತವನಿಗೆ ಅದು ಕಾಣುವುದೇ ಕಷ್ಟ, ದೂರದ ದೋಣಿಯಿಂದ ನೋಡಿದರೆ ಹೊಂದುತ್ತದೆ. 1928ರ ಲಾಸ್ ಏಂಜಲೀಸ್ ನಗರಸಭಾ ಭವನದ ತುದಿಯೂ ಅದೇ ಮಾದರಿ. ಇವೆಲ್ಲದರ ನಡುವೆ ಗಂಭೀರವಾದದ್ದು ವಾಷಿಂಗ್ಟನ್ನಿನಲ್ಲಿ ಜಾನ್ ರಸೆಲ್ ಪೋಪ್ 1915ರಲ್ಲಿ ಮುಗಿಸಿದ ಹೌಸ್ ಆಫ್ ದಿ ಟೆಂಪಲ್. ಒಂದೊಂದೂ 33 ಅಡಿಯ 33 ಕಂಬಗಳು, ಮೇಲೆ ಪಿರಮಿಡ್. ಮೂಲದ ಕ್ರಮಕ್ಕೆ ಇಷ್ಟು ನಿಷ್ಠವಾದ ದೊಡ್ಡ ಕಟ್ಟಡ ಬೇರೆ ಕಡೆ ಅಪರೂಪ. ಆ ನಗರದಲ್ಲಿರುವ ಕನ್ನಡಿಗರು ತಪ್ಪದೆ ನೋಡಬೇಕು, ಸಂಜೆಯ ಓರೆ ಬಿಸಿಲಲ್ಲಿ, ಕಂಬಗಳ ಹಿಂದೆ ನೆರಳು ಗಟ್ಟಿಯಾಗುವ ಹೊತ್ತಿಗೆ.

ಮೆಲ್ಬರ್ನಿನ ಸ್ಮಾರಕ 1934ರಲ್ಲಿ ಮುಗಿಯಿತು. ವಿನ್ಯಾಸ ಮಾಡಿದ ಹಡ್ಸನ್ ಮತ್ತು ವಾರ್ಡ್ರಾಪ್ ಇಬ್ಬರೂ ಆ ಯುದ್ಧದಲ್ಲಿ ಹೋರಾಡಿ ಬಂದವರು. ಇಲ್ಲಿ ಪಿರಮಿಡ್ ಗಾಳಿಯ ಮೇಲೆ ಕೂತಿಲ್ಲ, ದಪ್ಪ ಗೋಡೆಯ ಮೇಲೆ ಒತ್ತಿ ಕೂತಿದೆ. ಕಂಬಗಳು ಮುಂದೆ ಹಿಂದೆ ಮಾತ್ರ. ತಾಯಿಯ ಹಗುರವನ್ನು ಕಳೆದುಕೊಂಡಿದ್ದಕ್ಕೆ ನಾನು ಇದನ್ನು ಕೀಳೆನ್ನಲಾರೆ. ಮರಳಿ ಬಾರದ ಮಕ್ಕಳ ಶೋಕಕ್ಕೆ ಈ ಭಾರವೇ ತಕ್ಕದ್ದು. ಒಳಗೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಸ್ಮರಣೆಯ ಕಲ್ಲಿದೆ, ಓದಬೇಕಾದರೆ ತಲೆ ಬಾಗಲೇಬೇಕು. ಪ್ರತಿ ನವೆಂಬರ್ 11ರಂದು ಬೆಳಗ್ಗೆ 11ಕ್ಕೆ, ಯುದ್ಧ ನಿಂತ ಗಳಿಗೆಗೆ ಸರಿಯಾಗಿ, ಚಾವಣಿಯ ಕಿಂಡಿಯಿಂದ ಇಳಿದ ಬಿಸಿಲ ಕೋಲು ಆ ಕಲ್ಲಿನ ಮೇಲೆ ಪ್ರೀತಿ ಎಂಬರ್ಥದ ಪದದ ಮೇಲೆ ಹಾಯಲೆಂದು ಕಟ್ಟಡವನ್ನು ಲೆಕ್ಕ ಹಾಕಿ ಕಟ್ಟಿದ್ದಾರೆ. ಗಡಿಯಾರ ಮುಂದೂಡುವ ಪದ್ಧತಿ ಬಂದ ಮೇಲೆ ಕನ್ನಡಿ ಇಟ್ಟು ಬೆಳಕನ್ನು ಹೊಂದಿಸುತ್ತಾರೆ.

ಕೊನೆಗೆ ಬ್ಲೂಮ್ಸ್‌ಬರಿಯ ಸೇಂಟ್ ಜಾರ್ಜ್ ಚರ್ಚು. ನಿಕೊಲಸ್ ಹಾಕ್ಸ್‌ಮೂರ್ ಕಟ್ಟಿದ ಇದು 1730ರಲ್ಲಿ ಪೂಜೆಗೆ ತೆರೆಯಿತು. ನ್ಯೂಟನ್ ಬೋದ್ರುಮ್‌ನಲ್ಲಿ ಗುದ್ದಲಿ ಹಾಕಲು ಇನ್ನೂ ನೂರಕ್ಕೂ ಹೆಚ್ಚು ವರ್ಷವಿತ್ತು. ಹಾಕ್ಸ್‌ಮೂರ್ ಕೈಯಲ್ಲಿ ಇದ್ದದ್ದು ಪ್ಲಿನಿಯ ಮಾತು ಮಾತ್ರ. ಅಷ್ಟರಿಂದಲೇ ಚರ್ಚಿನ ಗೋಪುರದ ಮೇಲೆ ಕಂಬ ನಿಲ್ಲಿಸಿ, ಮೆಟ್ಟಿಲಿನ ಪಿರಮಿಡ್ ಏರಿಸಿ, ರಥ ಇರಬೇಕಾದ ತುದಿಗೆ ರೋಮನ್ ಉಡುಗೆಯ ಒಂದನೇ ಜಾರ್ಜ್ ದೊರೆಯನ್ನು ನಿಲ್ಲಿಸಿದ. ಬುಡದಲ್ಲಿ ಸಿಂಹಗಳೂ ಯೂನಿಕಾರ್ನುಗಳೂ ಕಾದಾಡುತ್ತವೆ. 1871ರಲ್ಲಿ ಅವನ್ನು ತೆಗೆದಿದ್ದರು, 2006ರಲ್ಲಿ ಹೊಸದಾಗಿ ಕೆತ್ತಿ ಮರಳಿ ಕೂರಿಸಿದರು. ಹೋಗಾರ್ತ್‌ನ 1751ರ ಜಿನ್ ಲೇನ್ ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಗೋಪುರವೂ ಇದೇ. ಈ ಸಂತಾನದಲ್ಲೆಲ್ಲ ನನ್ನ ಮೆಚ್ಚಿನದು ಇದು, ಏಕೆಂದರೆ ಕಣ್ಣಾರೆ ಕಾಣದ್ದನ್ನು ಓದಿನಿಂದಲೇ ಇಷ್ಟು ಧೈರ್ಯವಾಗಿ ಕಟ್ಟಿದ್ದು ಇನ್ನೊಂದಿಲ್ಲ.

ಈ ಚರ್ಚಿನಿಂದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೆಲವೇ ನಿಮಿಷದ ನಡಿಗೆ. ಲಂಡನ್ನಿಗೆ ಹೋಗುವವರು ಮೊದಲು ಚರ್ಚಿನ ಎದುರು ನಿಂತು ಗೋಪುರವನ್ನು ಬುಡದಿಂದ ತುದಿಯವರೆಗೆ ಓದಿ, ಆಮೇಲೆ 21ನೇ ಕೋಣೆಗೆ ಹೋಗಿ. ಮ್ಯೂಸಿಯಮ್ಮಿನ ಶಾಶ್ವತ ಸಂಗ್ರಹ ನೋಡಲು ಟಿಕೆಟ್ಟಿಗೆ ಹಣವಿಲ್ಲ.